ಸಸ್ಯಬಂಧು ಕೊಯೆನಿಗ್

ಕರಿಬೇವಿಲ್ಲದ ಒಗ್ಗರಣೆಯನ್ನು ನಮ್ಮ ನಾಡಿನ ಗೃಹಿಣಿಯರು ಒಗ್ಗರಣೆಯೆಂದೇ ಎಣಿಸುವುದಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ಬಚ್ಚಲ ನೀರು ಹರಿದುಹೋಗುವ ಹಿತ್ತಿಲ ಮೂಲೆಯಲ್ಲಿ ಒಂದು ಕರಿಬೇವಿನ ಗಿಡ ತನ್ನಷ್ಟಕ್ಕೆ ತಾನೇ ಬೆಳೆದು ನಿಂತಿರುವುದು ಸಾಮಾನ್ಯ ನೋಟ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರನ್ನು ನೀವು ಕೇಳಿರಬಹುದು. ಆ ಸಣ್ಣ ಊರಿನ ಹೆಸರು ಒಂದು ಜಾತಿಯ ಕುರಿಗೆ ಅಂಟಿಕೊಂಡು ನಾಡಿನ ಮೂಲೆಮೂಲೆಗೂ ಹೋಗಿದೆ. ಊರನ್ನು ಕಂಡರಿಯದವರೂ ಬಂಡೂರು ಕುರಿಯೆಂದರೆ ಬಲ್ಲರು. ಹಾಗೆಯೇ ಒಬ್ಬ ಮನುಷ್ಯನ ಹೆಸರು ನಮ್ಮ ಹಿತ್ತಿಲ ಕರಿಬೇವಿಗೆ ಅಂಟಿಕೊಂಡು ಜಗತ್ತನ್ನೆಲ್ಲ ಸುತ್ತುತ್ತಿದೆ. ಸಸ್ಯಶಾಸ್ತ್ರಜ್ಞರು ಕರಿಬೇವನ್ನು ಮುರ್ರಾಯ ಕೊಯೆನಿಗಿ ಎಂದು ಕರೆಯುತ್ತಾರೆ. ಈ ಹೆಸರಿನ ಎರಡನೆಯ ಪದದಲ್ಲಿ ಅಡಗಿರುವವನೇ ಯೋಹಾನ್ ಗೆರ್ಹಾರ್ಡ್ ಕೊಯೆನಿಗ್.

ಕೊಯೆನಿಗ್ ಹುಟ್ಟಿದ್ದು 1728ರಲ್ಲಿ, ಯುರೋಪಿನ ಬಾಲ್ಟಿಕ್ ಸಮುದ್ರದ ಬಳಿಯ ಲಿವೋನಿಯ ಎಂಬ ಪ್ರಾಂತದಲ್ಲಿ. ಆಗ ಪೋಲೆಂಡಿನ ಆಳ್ವಿಕೆಯಲ್ಲಿದ್ದ ಆ ಪ್ರದೇಶ ಇಂದು ಲಾಟ್ವಿಯಾ ದೇಶಕ್ಕೆ ಸೇರಿದೆ. ಮನೆಮಾತು ಜರ್ಮನ್, ಆದರೆ ಬದುಕಿನ ಹಲವು ವರ್ಷಗಳನ್ನು ಡೆನ್ಮಾರ್ಕಿನ ಆಶ್ರಯದಲ್ಲಿ ಕಳೆದುದರಿಂದ ಅವನನ್ನು ಡೇನಿಷ್ ಸಸ್ಯಶಾಸ್ತ್ರಜ್ಞನೆಂದೂ ಗುರುತಿಸುತ್ತಾರೆ. 1757ರಲ್ಲಿ ಅವನು ಸ್ವೀಡನ್ ದೇಶದ ಉಪ್ಸಾಲ ವಿಶ್ವವಿದ್ಯಾನಿಲಯಕ್ಕೆ ಹೋಗಿ ಕಾರ್ಲ್ ಲಿನೇಯಸ್ಸನ ಶಿಷ್ಯನಾದನು. ಅವನ ಬಾಳಿನ ದಾರಿಯನ್ನು ನಿರ್ಧರಿಸಿದ ಘಟನೆ ಇದೇ.

ಲಿನೇಯಸ್ ಯಾರೆಂಬುದನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಆ ಕಾಲಕ್ಕೆ ಯುರೋಪಿನ ವಿದ್ವಾಂಸರು ಒಂದೊಂದು ಗಿಡಕ್ಕೂ ಲ್ಯಾಟಿನ್ ಭಾಷೆಯಲ್ಲಿ ಉದ್ದುದ್ದ ವಿವರಣೆಗಳನ್ನೇ ಹೆಸರಾಗಿ ಬಳಸುತ್ತಿದ್ದರು. ಒಬ್ಬನು ಕೊಟ್ಟ ಹೆಸರು ಇನ್ನೊಬ್ಬನಿಗೆ ಅರ್ಥವಾಗುತ್ತಿರಲಿಲ್ಲ. ಲಿನೇಯಸ್ 1753ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಪ್ರತಿಯೊಂದು ಸಸ್ಯಕ್ಕೂ ಎರಡೇ ಪದಗಳ ಹೆಸರನ್ನು ಬಳಕೆಗೆ ತಂದನು. ಮೊದಲನೆಯದು ಕುಲದ ಹೆಸರು. ಎರಡನೆಯದು ಪ್ರಭೇದದ ಹೆಸರು. ನಮ್ಮ ಹಳ್ಳಿಗಳಲ್ಲಿ ಮನೆತನದ ಹೆಸರಿನೊಡನೆ ಸ್ವಂತ ಹೆಸರನ್ನು ಸೇರಿಸಿ ಒಬ್ಬನನ್ನು ಗುರುತಿಸುವಂತೆ ಈ ಕ್ರಮವೂ ಸರಳವಾದುದು. ಒಂದೇ ಗಿಡವನ್ನು ಕನ್ನಡಿಗನು ಒಂದು ಹೆಸರಿನಿಂದ, ತಮಿಳನು ಮತ್ತೊಂದರಿಂದ, ಡೇನನು ಮಗದೊಂದರಿಂದ ಕರೆದರೂ ಈ ಎರಡು ಪದಗಳನ್ನು ಕೇಳಿದೊಡನೆ ಅದು ಇಂಥದೇ ಗಿಡವೆಂದು ಎಲ್ಲರೂ ತಿಳಿಯಬಹುದು.

ಲೋಕದ ಸಸ್ಯಗಳಿಗೆಲ್ಲ ಹೀಗೆ ಹೆಸರಿಡಬೇಕಾದರೆ ಲೋಕವನ್ನೆಲ್ಲ ನೋಡಬೇಕಲ್ಲವೆ? ಅದಕ್ಕಾಗಿ ಲಿನೇಯಸ್ಸನ ಶಿಷ್ಯರು ದಿಕ್ಕುದಿಕ್ಕಿಗೆ ಹೊರಟರು. ಹೋದವರೆಲ್ಲ ಮರಳಿ ಬರಲಿಲ್ಲ. ಹಾಸೆಲ್‌ಕ್ವಿಸ್ಟ್ 1752ರಲ್ಲಿ ತುರ್ಕಿಯ ಸ್ಮಿರ್ನಾ ನಗರದ ಬಳಿ ತೀರಿಕೊಂಡನು. ಲೋಫ್ಲಿಂಗ್ 1756ರಲ್ಲಿ ದಕ್ಷಿಣ ಅಮೆರಿಕದಲ್ಲಿಯೂ, ಡೆನ್ಮಾರ್ಕಿನ ದೊರೆ ಕಳುಹಿಸಿದ ತಂಡದೊಡನೆ ಹೋದ ಫೋರ್ಸ್‌ಕಾಲ್ 1763ರಲ್ಲಿ ಯೆಮೆನ್ ದೇಶದಲ್ಲಿಯೂ ಅಸುನೀಗಿದರು. ಸಸ್ಯಗಳನ್ನು ಅರಸಿ ಹೊರಡುವವನು ತನ್ನ ಪ್ರಾಣದ ಆಸೆಯನ್ನು ಬಿಟ್ಟೇ ಹೊರಡಬೇಕಾಗಿದ್ದ ಕಾಲ ಅದು. ಈ ಸಂಗತಿಗಳನ್ನೆಲ್ಲ ಅರಿತೂ ಕೊಯೆನಿಗ್ ಅದೇ ದಾರಿಯನ್ನು ಹಿಡಿದನು.

ಅವನ ಮೊದಲ ದೊಡ್ಡ ಯಾತ್ರೆ ನಡೆದುದು ಹಿಮದ ನಾಡಿಗೆ. ಡೆನ್ಮಾರ್ಕಿನ ಸರ್ಕಾರ ತನ್ನ ರಾಜ್ಯದ ಸಸ್ಯಗಳನ್ನೆಲ್ಲ ಚಿತ್ರಸಹಿತವಾಗಿ ಪ್ರಕಟಿಸುವ ಫ್ಲೋರಾ ಡಾನಿಕ ಎಂಬ ಮಹಾಕಾರ್ಯವನ್ನು 1761ರಲ್ಲಿ ಆರಂಭಿಸಿತ್ತು. ಅದರ ಸಲುವಾಗಿ ಕೊಯೆನಿಗ್ 1764ರಲ್ಲಿ ಐಸ್‌ಲೆಂಡ್ ದ್ವೀಪಕ್ಕೆ ಹೋದನು. ಅಲ್ಲಿ ಬೆರಳುದ್ದವೂ ಬೆಳೆಯದ, ಗುಂಡುಸೂಜಿಯ ತಲೆಯಷ್ಟು ಪುಟ್ಟ ಹೂವುಗಳನ್ನು ಬಿಡುವ ಒಂದು ಗಿಡ ಅವನ ಕಣ್ಣಿಗೆ ಬಿತ್ತು. ಬೇಸಗೆಯೆಂಬುದು ಕೆಲವೇ ವಾರಗಳಿರುವ ಆ ನಾಡಿನಲ್ಲಿ ಮೊಳೆತು, ಹೂ ಬಿಟ್ಟು, ಬೀಜ ಚೆಲ್ಲಿ, ಒಂದೇ ವರ್ಷದಲ್ಲಿ ಬಾಳು ಮುಗಿಸುವ ಸಸಿ ಅದು. ಬೇರೆಯವರು ತುಳಿದುಕೊಂಡು ಹೋಗಬಹುದಾಗಿದ್ದ ಆ ಸಸಿಯನ್ನು ಗುರುತಿಸಿದ ಶಿಷ್ಯನ ಸೂಕ್ಷ್ಮದೃಷ್ಟಿಗೆ ಲಿನೇಯಸ್ ಮೆಚ್ಚಿ, 1767ರಲ್ಲಿ ಅದಕ್ಕೆ ಕೊಯೆನಿಗಿಯ ಐಸ್‌ಲಾಂಡಿಕ ಎಂದು ಹೆಸರಿಟ್ಟನು. ನಮ್ಮ ಹಿಮಾಲಯದ ಎತ್ತರದ ನೆಲೆಗಳಲ್ಲಿಯೂ ಈ ಸಸಿ ಬೆಳೆಯುತ್ತದೆ.

ಇದಾದ ಬಳಿಕ ಕೊಯೆನಿಗನ ಬಾಳು ನಮ್ಮ ದೇಶದ ಕಡೆಗೆ ತಿರುಗಿತು. ಕೊಡಗಿನಲ್ಲಿ ಹುಟ್ಟಿ, ನಮ್ಮ ಮಂಡ್ಯ ಸೀಮೆಯನ್ನು ತಣಿಸಿ, ಶಿವನಸಮುದ್ರದಲ್ಲಿ ಧುಮುಕಿ ತಮಿಳುನಾಡಿಗಿಳಿಯುವ ಕಾವೇರಿ ಕೊನೆಗೆ ಪೂಂಪುಹಾರಿನ ಬಳಿ ಕಡಲನ್ನು ಸೇರುತ್ತದೆ. ಅಲ್ಲಿಂದ ತೆಂಕಣಕ್ಕೆ ಸ್ವಲ್ಪ ದೂರದಲ್ಲಿ ತರಂಗಂಬಾಡಿ ಎಂಬ ಊರಿದೆ. ತಂಜಾವೂರಿನ ರಘುನಾಥ ನಾಯಕನ ಒಪ್ಪಿಗೆ ಪಡೆದು ಡೇನರು 1620ರಲ್ಲಿ ಅಲ್ಲಿ ಕೋಟೆ ಕಟ್ಟಿದರು. 1845ರಲ್ಲಿ ಇಂಗ್ಲಿಷರಿಗೆ ಮಾರುವವರೆಗೆ ಆ ಊರು ಅವರ ಕೈಯಲ್ಲಿತ್ತು. ಅಲ್ಲಿನ ಕ್ರೈಸ್ತ ಮಿಷನ್ನಿನ ವೈದ್ಯನಾಗಿ ಕೊಯೆನಿಗ್ 1768ರಲ್ಲಿ ಬಂದಿಳಿದನು. ಬರುವ ದಾರಿಯಲ್ಲಿ ಹಡಗು ಆಫ್ರಿಕದ ದಕ್ಷಿಣ ತುದಿಯಲ್ಲಿ ತಂಗಿದಾಗ, ಅಲ್ಲಿಯೂ ಗಿಡಗಳನ್ನು ಹುಡುಕುವುದನ್ನು ಅವನು ಬಿಡಲಿಲ್ಲ.

ವೈದ್ಯನಿಗೂ ಗಿಡಕ್ಕೂ ಅಂದು ಇದ್ದ ನಂಟು ಬಹಳ ಹತ್ತಿರದ್ದು. ಔಷಧಗಳಲ್ಲಿ ಹೆಚ್ಚಿನವು ಬೇರು, ತೊಗಟೆ, ಎಲೆಗಳಿಂದಲೇ ಬರುತ್ತಿದ್ದವು. ಹಗಲು ರೋಗಿಗಳನ್ನು ನೋಡುವವನು ಬಿಡುವು ಸಿಕ್ಕಾಗಲೆಲ್ಲ ಗದ್ದೆಯ ಬದು, ಕೆರೆಯ ಅಂಗಳ, ಕಡಲ ದಂಡೆಗಳನ್ನು ಅಲೆದನು. ತಂದ ಗಿಡಗಳನ್ನು ಕಾಗದದ ನಡುವೆ ಹರಡಿ, ಮೇಲೆ ಭಾರವಿಟ್ಟು ಒಣಗಿಸಬೇಕು. ತೇವವನ್ನು ಹೀರಿದ ಕಾಗದವನ್ನು ಮತ್ತೆಮತ್ತೆ ಬದಲಾಯಿಸಬೇಕು. ಒಂದು ದಿನ ಅಲಕ್ಷ್ಯ ಮಾಡಿದರೂ ಬೂಷ್ಟು ಹಿಡಿಯುತ್ತದೆ. ಬೂಷ್ಟಿನಿಂದ ಉಳಿದುದನ್ನು ಗೆದ್ದಲು ತಿನ್ನುತ್ತದೆ. ಇಷ್ಟೆಲ್ಲ ಜತನ ಮಾಡಿದ ಮಾದರಿಗಳು ಹಡಗಿನಲ್ಲಿ ಅನೇಕ ತಿಂಗಳು ಪಯಣ ಮಾಡಿ ಗುರುವಿನ ಕೈ ಸೇರಬೇಕು. ಗೆದ್ದಲಿನ ಕಾಟವನ್ನು ಕಂಡು ಬೇಸರಪಡುವ ಬದಲು ಕೊಯೆನಿಗ್ ಅದರ ಬಾಳನ್ನೇ ಅಭ್ಯಾಸ ಮಾಡಿದನು. ಗೆದ್ದಲಿನ ಬಗೆಗೆ ಅವನು ಬರೆದ ಲೇಖನ 1779ರಲ್ಲಿ ಬರ್ಲಿನ್ನಿನ ವಿಜ್ಞಾನಿಗಳ ಪತ್ರಿಕೆಯಲ್ಲಿ ಅಚ್ಚಾಯಿತು.

ಹೀಗೆ ಕಳುಹಿಸಿದ ಗಿಡಗಳಲ್ಲಿ ನಮ್ಮ ಕರಿಬೇವೂ ಒಂದು. ಹೆಸರನ್ನು ಕೇಳಿದರೆ ಅದು ಬೇವಿನ ಬಳಗವೆಂದೇ ತೋರುತ್ತದೆ. ಎಲೆಗಳ ಜೋಡಣೆಯೂ ಬೇವಿನಂತೆಯೇ ಇದೆ. ಆದರೆ ಸಸ್ಯಶಾಸ್ತ್ರಜ್ಞನು ಎಲೆಯನ್ನಷ್ಟೇ ನೋಡಿ ತೀರ್ಪು ಕೊಡುವುದಿಲ್ಲ. ಹೂವಿನ ಎಸಳುಗಳನ್ನೂ ಕೇಸರಗಳನ್ನೂ ಎಣಿಸಿ ನೋಡುತ್ತಾನೆ. ಕರಿಬೇವಿನ ಬಿಳಿಯ ಪುಟ್ಟ ಹೂವಿನಲ್ಲಿ ಐದು ಎಸಳುಗಳೂ ಹತ್ತು ಕೇಸರಗಳೂ ಇರುತ್ತವೆ. ಅದರ ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಯಿಂದ ಚುಚ್ಚಿದಂಥ ಚುಕ್ಕೆಗಳು ಕಾಣುತ್ತವೆ. ಅವು ಸುವಾಸನೆಯ ಎಣ್ಣೆಯ ಗ್ರಂಥಿಗಳು. ನಿಂಬೆಯ ಎಲೆಯಲ್ಲಿಯೂ ಇಂಥವೇ ಚುಕ್ಕೆಗಳಿವೆ. ಏಕೆಂದರೆ ಕರಿಬೇವು ನಿಂಬೆಯ ಕುಟುಂಬಕ್ಕೆ ಸೇರಿದ್ದು. ನಿಂಬೆಯ ಗಿಡದ ಮೇಲೆ ಮೊಟ್ಟೆಯಿಡುವ ಕೆಲವು ಚಿಟ್ಟೆಗಳು ಕರಿಬೇವಿನ ಮೇಲೆಯೂ ಮೊಟ್ಟೆಯಿಡುತ್ತವೆ. ಪಂಡಿತರು ಕೇಸರಗಳನ್ನು ಎಣಿಸಿ ಕಂಡುಕೊಂಡ ನಂಟನ್ನು ಕಂಬಳಿಹುಳು ಎಲೆಯ ರುಚಿಯಿಂದಲೇ ಬಲ್ಲುದು!

ಕೊಯೆನಿಗ್ ಈ ಗಿಡದ ಕುಲಕ್ಕೆ ಬೆರ್ಗೆರ ಎಂಬ ಹೆಸರನ್ನಿಟ್ಟನು. ಅದೇ ಕುಟುಂಬದ ಇನ್ನೊಂದು ಕುಲಕ್ಕೆ, ಲಿನೇಯಸ್ಸನ ಮತ್ತೊಬ್ಬ ಶಿಷ್ಯನಾದ ಮುರ್ರೇ ಎಂಬುವನ ನೆನಪಿಗಾಗಿ ಮುರ್ರಾಯ ಎಂದು ಹೆಸರಿಟ್ಟನು. ಇವೆರಡನ್ನೂ ಲಿನೇಯಸ್ 1771ರಲ್ಲಿ ಪ್ರಕಟಿಸಿದನು. ಕುಲದ ಹೆಸರು ಶಿಷ್ಯನದು. ಆದರೆ ಪ್ರಭೇದದ ಹೆಸರನ್ನಾಗಿ ಗುರು ಶಿಷ್ಯನ ಹೆಸರನ್ನೇ ಇಟ್ಟು ಬೆರ್ಗೆರ ಕೊಯೆನಿಗಿ ಎಂದು ಕರೆದನು. ಮುಂದೆ 1825ರಲ್ಲಿ ಜರ್ಮನಿಯ ಶ್ಪ್ರೆಂಗೆಲ್ ಎಂಬ ವಿದ್ವಾಂಸನು ಕರಿಬೇವನ್ನು ಮುರ್ರಾಯ ಕುಲಕ್ಕೆ ಸೇರಿಸಿದುದರಿಂದ ಮುರ್ರಾಯ ಕೊಯೆನಿಗಿ ಎಂಬ ಹೆಸರು ರೂಢಿಗೆ ಬಂದಿತು. ಈಚೆಗೆ ಹಲವು ಸಸ್ಯಶಾಸ್ತ್ರಜ್ಞರು ಮತ್ತೆ ಬೆರ್ಗೆರ ಎಂಬ ಹಳೆಯ ಹೆಸರೇ ಸರಿಯೆನ್ನುತ್ತಿದ್ದಾರೆ. ಕುಲದ ಹೆಸರು ಬದಲಾದರೂ ಕೊಯೆನಿಗನ ಹೆಸರು ಮಾತ್ರ ಗಿಡವನ್ನು ಬಿಟ್ಟಿಲ್ಲ.

ನಮ್ಮ ಹಿಪ್ಪೆಯ ಮರದ ಕತೆಯೂ ಹೀಗೆಯೇ ಇದೆ. ಸಾಲುಮರವಾಗಿ ನೆರಳನ್ನೂ, ಬೀಜದಿಂದ ದೀಪಕ್ಕೆ ಎಣ್ಣೆಯನ್ನೂ ಕೊಡುವ ಈ ಮರದ ಕುಲಕ್ಕೆ ಕೊಯೆನಿಗ್ ಇಟಲಿಯ ಬಾಸಿ ಎಂಬ ಸಸ್ಯಶಾಸ್ತ್ರಜ್ಞನ ನೆನಪಿಗಾಗಿ ಬಾಸಿಯ ಎಂದು ಹೆಸರಿಟ್ಟನು. ಉದ್ದನೆಯ ಎಲೆಯುಳ್ಳದ್ದೆಂಬ ಅರ್ಥದಲ್ಲಿ ಹಿಪ್ಪೆ ಬಾಸಿಯ ಲಾಂಜಿಫೋಲಿಯ ಎನಿಸಿತು. ಇದೂ 1771ರಲ್ಲಿ ಲಿನೇಯಸ್ಸನ ಗ್ರಂಥದಲ್ಲಿಯೇ ಪ್ರಕಟವಾಯಿತು. ಆದರೆ ಬಾಸಿಯ ಎಂಬ ಹೆಸರನ್ನು 1766ರಲ್ಲಿಯೇ ಮತ್ತೊಬ್ಬ ವಿದ್ವಾಂಸನು ಬೇರೊಂದು ಗಿಡಕ್ಕೆ ಕೊಟ್ಟಿದ್ದನು. ಮೊದಲು ಪ್ರಕಟವಾದ ಹೆಸರಿಗೇ ಮಾನ್ಯತೆ ಎಂಬುದು ಸಸ್ಯಶಾಸ್ತ್ರದ ನಿಯಮ. ಆದುದರಿಂದ ಇಂದು ಹಿಪ್ಪೆಯ ಹೆಸರು ಮಧುಕ ಲಾಂಜಿಫೋಲಿಯ. ಸಂಸ್ಕೃತದ ಮಧೂಕ ಎಂಬ ನಮ್ಮ ಹಳೆಯ ಹೆಸರೇ ಕುಲನಾಮವಾಗಿ ಮರಳಿ ಬಂದುದು ಸಂತೋಷದ ಸಂಗತಿ. ಶಾಸ್ತ್ರಗ್ರಂಥಗಳಲ್ಲಿ ಇಂಥ ಹೆಸರುಗಳ ಪಕ್ಕದಲ್ಲಿ ಕೊಯೆನಿಗ್, ಲಿನೇಯಸ್ ಎಂಬ ಎರಡು ಹೆಸರುಗಳನ್ನು ಎಕ್ಸ್ ಎಂಬ ಸಣ್ಣ ಲ್ಯಾಟಿನ್ ಪದದಿಂದ ಕೂಡಿಸಿ ಬರೆಯುತ್ತಾರೆ. ಮೊದಲಿನವನು ಕೊಟ್ಟ ಹೆಸರನ್ನು ಎರಡನೆಯವನು ಪ್ರಕಟಿಸಿದನೆಂಬುದು ಅದರ ಅರ್ಥ. ಬಿಸಿಲಿನಲ್ಲಿ ಅಲೆದವನಿಗೂ ಗ್ರಂಥ ಬರೆದವನಿಗೂ ಸಲ್ಲಬೇಕಾದ ಗೌರವ ಆ ಸಣ್ಣ ಪದದಲ್ಲಿ ಅಡಗಿದೆ.

ಮಿಷನ್ನಿನ ವೈದ್ಯವೃತ್ತಿಯಲ್ಲಿ ಹೊಟ್ಟೆಬಟ್ಟೆಗೆ ಕೊರತೆಯಿಲ್ಲದಿದ್ದರೂ ದೂರದ ಕಾಡುಬೆಟ್ಟಗಳನ್ನು ಸುತ್ತಲು ಹಣವಾಗಲಿ ಸ್ವಾತಂತ್ರ್ಯವಾಗಲಿ ಇರಲಿಲ್ಲ. ಆದ್ದರಿಂದ 1774ರಲ್ಲಿ ಕೊಯೆನಿಗ್ ಆರ್ಕಾಟಿನ ನವಾಬನಲ್ಲಿ ನಿಸರ್ಗ ವಿಜ್ಞಾನಿಯಾಗಿ ಕೆಲಸಕ್ಕೆ ಸೇರಿದನು. ನವಾಬ ಮುಹಮ್ಮದ್ ಅಲಿ ಸಾಲದಲ್ಲಿ ಮುಳುಗಿದ್ದವನು. ಅಂಥ ಒಡೆಯನನ್ನು ನಂಬಿ ನೆಲೆಯಾದ ಕೆಲಸವನ್ನು ಬಿಡುವುದು ಲೋಕದ ಲೆಕ್ಕದಲ್ಲಿ ಜಾಣತನವಲ್ಲ. ಆದರೆ ಕೊಯೆನಿಗನ ಲೆಕ್ಕವೇ ಬೇರೆಯಾಗಿತ್ತು. ವೇಲೂರು, ಆಂಬೂರುಗಳ ಬೆಟ್ಟಗಳನ್ನು ಅವನು ಹತ್ತಿದನು. 1776ರಲ್ಲಿ ನಗರಿ ಬೆಟ್ಟಗಳಿಗೆ ಹೋದನು. ಮೈಸೂರು ಪ್ರಸ್ಥಭೂಮಿಯ ಪೂರ್ವದ ಅಂಚಿಗೆ ಈ ಪ್ರದೇಶ ಬಹಳ ದೂರವಲ್ಲ. ಆ ಕಾಲದಲ್ಲಿ ಮೈಸೂರನ್ನು ಆಳುತ್ತಿದ್ದವನು ಹೈದರ್ ಅಲಿ. ಅವನಿಗೂ ನವಾಬನಿಗೂ, ನವಾಬನ ಬೆಂಬಲಕ್ಕಿದ್ದ ಇಂಗ್ಲಿಷರಿಗೂ ಬದ್ಧವೈರ. ಒಂದು ಕಡೆ ಸೈನ್ಯಗಳು ನಡೆಯುತ್ತಿದ್ದ ನಾಡಿನಲ್ಲಿ ಮತ್ತೊಂದು ಕಡೆ ಒಬ್ಬನು ಹೂವಿನ ಕೇಸರಗಳನ್ನು ಎಣಿಸುತ್ತ ಕುಳಿತಿದ್ದನು.

1778ರಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪೆನಿ ಅವನನ್ನು ತನ್ನ ಸೇವೆಗೆ ತೆಗೆದುಕೊಂಡಿತು. ಕಂಪೆನಿಗೆ ಸಸ್ಯಶಾಸ್ತ್ರದಲ್ಲಿದ್ದ ಆಸಕ್ತಿ ಜ್ಞಾನಕ್ಕಾಗಿ ಮಾತ್ರವೆಂದು ತಿಳಿಯಬಾರದು. ಬಣ್ಣ, ಔಷಧಿ, ಸಂಬಾರ ಪದಾರ್ಥಗಳನ್ನು ಕೊಡುವ ಗಿಡಗಳು ವ್ಯಾಪಾರಕ್ಕೆ ಬೇಕಾಗಿದ್ದವು. ಕೊಯೆನಿಗ್ ಅದೇ ವರ್ಷ ಹಡಗು ಹತ್ತಿ ಸಯಾಮಿಗೂ ಮಲಾಕಕ್ಕೂ ಹೋಗಿ 1780ರವರೆಗೆ ಅಲ್ಲಿ ಸಂಚರಿಸಿದನು. ಕಂಪೆನಿ ಲಾಭವನ್ನು ಹುಡುಕಿದರೆ ಅವನು ಹುಡುಕಿದ್ದು ಶುಂಠಿ, ಅರಿಸಿನಗಳ ಬಂಧುಗಳನ್ನು. ಈ ಕುಟುಂಬದ ಹೂಗಳು ಬಹಳ ಕೋಮಲ. ಒಣಗಿಸಿದರೆ ಅವುಗಳ ರೂಪವೇ ಕೆಟ್ಟುಹೋಗುತ್ತದೆ. ಯುರೋಪಿನಲ್ಲಿ ಕುಳಿತು ಒಣಗಿದ ಮಾದರಿಯನ್ನು ನೋಡಿ ಅವುಗಳ ರಚನೆಯನ್ನು ತಿಳಿಯಲು ಪಂಡಿತರಿಗೆ ಸಾಧ್ಯವಿರಲಿಲ್ಲ. ಗಿಡದ ಬುಡದಲ್ಲಿಯೇ ಕುಳಿತು, ಹೂ ಬಾಡುವ ಮುನ್ನ ಪ್ರತಿಯೊಂದು ಅಂಗವನ್ನೂ ಬಿಡಿಸಿ ನೋಡಿ ಬರೆಯಬೇಕು. ಕೊಯೆನಿಗ್ ಅದನ್ನೇ ಮಾಡಿದನು. ಅವನ ಈ ವಿವರಣೆಗಳನ್ನು ಸ್ವೀಡನ್ನಿನ ಲುಂಡ್ ನಗರದ ಪ್ರಾಧ್ಯಾಪಕನಾದ ರೆಟ್ಸಿಯಸ್ 1783ರಲ್ಲಿ ಪ್ರಕಟಿಸಿದನು.

ಆ ವಿವರಣೆಗಳಲ್ಲಿ ಬರುವ ಒಂದು ಗಿಡ ನಮ್ಮವರಿಗೂ ಪ್ರಿಯವಾದದ್ದು. ಬಿಳಿಯ ಚಿಟ್ಟೆಯಂತೆ ಅರಳಿ ಸಂಜೆಯ ಹೊತ್ತಿಗೆ ಕಂಪು ಸೂಸುವ ಅದನ್ನು ನಾವು ಸುರುಳಿ ಸುಗಂಧಿ ಎನ್ನುತ್ತೇವೆ. ಅದರ ಕುಲಕ್ಕೆ ಕೊಯೆನಿಗ್ ಹೆಡೀಕಿಯಂ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಸವಿಯಾದ ಹಿಮ ಎಂಬ ಅರ್ಥ ಬರುತ್ತದೆ. ಐಸ್‌ಲೆಂಡಿನ ಹಿಮವನ್ನು ಕಂಡ ಕಣ್ಣಿಗೆ ಸುಡುಬಿಸಿಲಿನ ನಾಡಿನ ಬಿಳಿಯ ಹೂವು ಹಿಮದಂತೆಯೇ ತೋರಿತೇನೋ! ಹೆಡೀಕಿಯಂ ಕೊರೊನೇರಿಯಂ ಎಂಬ ಆ ಹೆಸರು ಅವನು ಇಟ್ಟಂತೆಯೇ ಇಂದಿಗೂ ಉಳಿದಿದೆ.

ಹೀಗೆ ಹೆಸರಿಡುವುದರಲ್ಲಿ ಒಂದು ವಿಶೇಷವನ್ನು ನೀವು ಗಮನಿಸಿರಬಹುದು. ಮುರ್ರೇ, ಬಾಸಿ ಮುಂತಾದವರ ಹೆಸರುಗಳನ್ನು ಅವನು ಗಿಡಗಳಿಗೆ ಕೊಟ್ಟನು. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳಲಿಲ್ಲ. ತಾನು ಕಂಡುದನ್ನು ಬಚ್ಚಿಟ್ಟುಕೊಳ್ಳುವ ಸ್ವಭಾವವೂ ಅವನದಲ್ಲ. ತರಂಗಂಬಾಡಿಯ ಪಾದ್ರಿಗಳಾದ ಜಾನ್, ರಾಟ್ಲರ್ ಮೊದಲಾದವರಲ್ಲಿ ಅವನು ಸಸ್ಯಗಳ ಆಸಕ್ತಿಯನ್ನು ಬೆಳೆಸಿದನು. ಗಿಡಗಳನ್ನೂ ಟಿಪ್ಪಣಿಗಳನ್ನೂ ಒಬ್ಬರಿಗೊಬ್ಬರು ಹಂಚಿಕೊಳ್ಳುವ ಒಂದು ಬಳಗವೇ ಅಲ್ಲಿ ಬೆಳೆಯಿತು. ಮದರಾಸಿಗೆ ಬಂದಿದ್ದ ಸ್ಕಾಟ್ಲೆಂಡಿನ ತರುಣ ವೈದ್ಯ ವಿಲಿಯಂ ರಾಕ್ಸ್‌ಬರೋ ಅವನ ಆಪ್ತ ಗೆಳೆಯನಾದನು.

1785ರಲ್ಲಿ ಕೊಯೆನಿಗ್ ಉತ್ತರದ ಕಡೆಗೆ ಹೊರಟಿದ್ದನು. ಆಂಧ್ರದ ಕಾಕಿನಾಡದ ಬಳಿಯ ಜಗನ್ನಾಥಪುರಕ್ಕೆ ಬರುವ ವೇಳೆಗೆ ರಕ್ತಭೇದಿ ಅವನನ್ನು ಹಾಸಿಗೆಗೆ ಕೆಡವಿತು. ಹತ್ತಿರದ ಸಾಮಲಕೋಟದಲ್ಲಿದ್ದ ರಾಕ್ಸ್‌ಬರೋ ಓಡಿಬಂದು ಚಿಕಿತ್ಸೆ ಮಾಡಿದರೂ ಫಲವಾಗಲಿಲ್ಲ. ಆಗ ಕೊಯೆನಿಗನಿಗೆ 56 ವರ್ಷ. ಹದಿನೇಳು ವರ್ಷ ಈ ನೆಲದ ಸಸ್ಯಗಳನ್ನು ಅಭ್ಯಾಸ ಮಾಡಿದವನು ತನ್ನದೆಂಬ ಒಂದು ದೊಡ್ಡ ಗ್ರಂಥವನ್ನು ಬರೆದು ಮುಗಿಸಿರಲಿಲ್ಲ. ಗುರು ಲಿನೇಯಸ್ 1778ರಲ್ಲಿಯೇ ತೀರಿಕೊಂಡಿದ್ದನು. ಕಟ್ಟುಕಟ್ಟಾಗಿ ಕೂಡಿಟ್ಟ ಹಸ್ತಪ್ರತಿಗಳನ್ನು ನೋಡಿಕೊಳ್ಳುವವರಿಲ್ಲದೆ ಹೋದರೆ ಅವನೇ ಅಭ್ಯಾಸ ಮಾಡಿದ ಗೆದ್ದಲಿಗೆ ಅವು ಆಹಾರವಾಗಬೇಕಾಗಿತ್ತು. ಕೊಯೆನಿಗ್ ತನ್ನ ಕಾಗದಪತ್ರಗಳೆಲ್ಲವೂ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಜೋಸೆಫ್ ಬ್ಯಾಂಕ್ಸನಿಗೆ ಸಲ್ಲಬೇಕೆಂದು ಏರ್ಪಡಿಸಿ, 1785ರ ಜೂನ್ 26ರಂದು ಕಣ್ಣುಮುಚ್ಚಿದನು. ಅವನು ಒಣಗಿಸಿದ ಮಾದರಿಗಳು ಲಂಡನ್, ಕೋಪನ್‌ಹೇಗನ್, ಲುಂಡ್ ನಗರಗಳ ಸಂಗ್ರಹಾಲಯಗಳಲ್ಲಿ ಇಂದಿಗೂ ಸುರಕ್ಷಿತವಾಗಿವೆ.

ಹಚ್ಚಿದ ದೀಪ ಆರಲಿಲ್ಲ. ರಾಕ್ಸ್‌ಬರೋ 1793ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥನಾದನು. ಕೋರಮಂಡಲ ತೀರದ ಸಸ್ಯಗಳನ್ನು ಕುರಿತ ಅವನ ಗ್ರಂಥದ ಮೂರು ಸಂಪುಟಗಳಲ್ಲಿ 300 ಚಿತ್ರಗಳಿವೆ. ತರಂಗಂಬಾಡಿಗೆ 1792ರಲ್ಲಿ ಬಂದ ಬೆಂಜಮಿನ್ ಹೈನೆ ಎಂಬ ಜರ್ಮನ್ ಪಾದ್ರಿಯೂ ಸಸ್ಯಶಾಸ್ತ್ರದ ಕಡೆಗೆ ಒಲಿದನು. ಶ್ರೀರಂಗಪಟ್ಟಣದ ಪತನದ ಬಳಿಕ ಮೈಸೂರು ಸೀಮೆಯ ಮೋಜಣಿಗಾಗಿ ಬಂದ ಕರ್ನಲ್ ಮೆಕೆಂಜಿಯ ತಂಡದಲ್ಲಿ ಅವನಿದ್ದನು. ಹೈದರ್ ಅಲಿ ಆರಂಭಿಸಿ ಟಿಪ್ಪು ಬೆಳೆಸಿದ ಬೆಂಗಳೂರಿನ ಲಾಲ್‌ಬಾಗು 1800ರ ವೇಳೆಗೆ ಹೈನೆಯ ಮೇಲ್ವಿಚಾರಣೆಗೆ ಬಂದಿತು. ಹೀಗೆ ಕಾವೇರಿಯ ಮುಖಜಭೂಮಿಯಲ್ಲಿ ಬೆಳೆದ ಸಸ್ಯವಿದ್ಯೆಯ ಪರಂಪರೆ ಕಾವೇರಿಯ ಮೇಲುನಾಡಿಗೂ ಹಬ್ಬಿತು.

ಕೊಯೆನಿಗ್ ಕರಿಬೇವನ್ನು ಕಂಡುಹಿಡಿದನೆಂದು ಹೇಳಿದರೆ ತಪ್ಪಾಗುತ್ತದೆ. ಅವನು ಬರುವುದಕ್ಕೆ ಎಷ್ಟೋ ಮೊದಲೇ ಅದು ನಮ್ಮ ಅಡಿಗೆಮನೆಯಲ್ಲಿತ್ತು. ಕರಿಬೇವನ್ನು ಮೊಟ್ಟಮೊದಲು ಒಗ್ಗರಣೆಗೆ ಹಾಕಿದ ಗೃಹಿಣಿಯ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಹಿಪ್ಪೆಯ ಬೀಜದಲ್ಲಿ ಎಣ್ಣೆಯಿದೆಯೆಂದು ಮೊದಲು ಅರಿತ ರೈತನನ್ನು ಯಾವ ಲ್ಯಾಟಿನ್ ಪದವೂ ನೆನೆಯುವುದಿಲ್ಲ. ಆ ಅಜ್ಞಾತರ ಅರಿವು ಅಡಿಪಾಯ. ಕೊಯೆನಿಗನ ಶಾಸ್ತ್ರ ಅದರ ಮೇಲಿನ ಗೋಡೆ. ಹಾಗೆಂದು ಅವನ ಸಾಧನೆ ಕಿರಿದಾಗುವುದಿಲ್ಲ. ಒಂದು ಹಳ್ಳಿ ಬಲ್ಲ ಗಿಡವನ್ನು ಲೋಕವೆಲ್ಲ ಗುರುತಿಸುವಂತೆ ಮಾಡುವುದು ದೊಡ್ಡ ಕೆಲಸ. ಅದಕ್ಕೆ ಬೇಕಾದುದು ತಾಳ್ಮೆ, ಪ್ರಾಮಾಣಿಕತೆ ಮತ್ತು ಬಿಚ್ಚುಮನಸ್ಸು. ಹೆಸರಿಟ್ಟ ಮಾತ್ರಕ್ಕೆ ಗಿಡ ನಮ್ಮ ಸೊತ್ತಾಗುವುದಿಲ್ಲ. ಅದನ್ನು ಚೆನ್ನಾಗಿ ಅರಿತು ಇತರರಿಗೂ ಅರುಹುವ ಹೊಣೆ ಮಾತ್ರ ನಮ್ಮದಾಗುತ್ತದೆ. ಆ ಹೊಣೆಯನ್ನು ಕೊಯೆನಿಗ್ ಕೊನೆಯ ಉಸಿರಿನವರೆಗೆ ಹೊತ್ತನು. ತಾನು ಕಂಡುದನ್ನೆಲ್ಲ ಇತರರಿಗೆ ಕೊಟ್ಟನು. ಕೊಟ್ಟವನ ಹೆಸರನ್ನು ಪಡೆದವರು ಮರೆಯಲಿಲ್ಲ. ಅವನ ನೆನಪಿಗಿರುವ ಸ್ಮಾರಕಗಳು ವರ್ಷವರ್ಷವೂ ಚಿಗುರುತ್ತವೆ, ಹೂ ಬಿಡುತ್ತವೆ. ಇದಕ್ಕಿಂತ ಹೆಚ್ಚಿನ ಕೀರ್ತಿ ಸಸ್ಯಗಳನ್ನು ಪ್ರೀತಿಸಿದವನಿಗೆ ಬೇರೊಂದಿಲ್ಲ.